ಕಾಕಾನ ಸೆಕ್ಸ್ಟಂಟಿಗೆ ನಾನು ಬರೆದುಕೊಟ್ಟ ಚೀಟಿ

ಈ ಬರಹದ ಮೊದಲ ಸಾಲಿನಲ್ಲಿ, ಸೆಕ್ಸ್ಟಂಟಿನ ಪೆಟ್ಟಿಗೆಯೊಳಗೆ ಹಸಿರು ಬಟ್ಟೆ ಅಂಟಿಸಿತ್ತು ಎಂದು ಬರೆದಿದ್ದೆ. ಆ ಹಸಿರು ನನಗೆ ಕಣ್ಣಿಗೆ ಕಟ್ಟಿದಂತಿತ್ತು, ಮೂಲೆಯಲ್ಲಿ ಸವೆದ ಗುರುತಿನ ಸಮೇತ. ಆಮೇಲೆ ಸಣ್ಣ ಅನುಮಾನ ಬಂದು ಕಪಾಟಿನ ಮೇಲಿಂದ ಪೆಟ್ಟಿಗೆ ಇಳಿಸಿ, ಧೂಳು ಒರೆಸಿ, ತೆರೆದು ನೋಡಿದೆ. ಬಟ್ಟೆ ನೀಲಿ. ಕೆಲವು ತಿಂಗಳ ಹಿಂದೆಯೂ ಇದೇ ಪೆಟ್ಟಿಗೆ ತೆರೆದಿದ್ದೆ, ಆದರೂ ಹೀಗೆ. ಸವೆದ ಗುರುತು ಎಲ್ಲಿಯೂ ಇಲ್ಲ. ಮುಂದೆ ನಾನು ಹೇಳುವುದರಲ್ಲಿ ಹೀಗೆ ತೆರೆದು ನೋಡಲು ಬಾರದ ಸಂಗತಿಗಳೇ ಹೆಚ್ಚು. ಆದ್ದರಿಂದ ಕೆಲವು ತಪ್ಪಿರಬಹುದು ಎಂದು ಈಗಲೇ ಒಪ್ಪಿಕೊಳ್ಳುತ್ತೇನೆ. ಯಾವುವು ಎಂದು ಗೊತ್ತಿದ್ದರೆ ತಿದ್ದಿಬಿಡುತ್ತಿದ್ದೆ.

ನಾನು ವಾಸ್ಕೊದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಎಂ.ಎಸ್ಸಿ. ಓದುವಾಗಿನಿಂದ ದಿನಚರಿ ಬರೆಯುವ ಚಟವಿದೆ. ನೆನಪನ್ನು ನಂಬಬಾರದು, ಅಂದಿನದನ್ನು ಅಂದೇ ಬರೆದಿಡಬೇಕು ಎಂದು ಮಕ್ಕಳಿಗೂ ಹೇಳುತ್ತೇನೆ, ಹೇಳುವಾಗ ಸ್ವಲ್ಪ ಗತ್ತಿನಿಂದಲೇ ಹೇಳುತ್ತೇನೆ. ಆ ಗತ್ತಿನ ಗತಿ ಏನಾಯಿತು ಎಂಬುದೂ ಇದರಲ್ಲಿ ಬರುತ್ತದೆ.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ಧಾರವಾಡದಿಂದ ಕೆಲಸಕ್ಕೆಂದು ಬಂದು ಮಂಗೋರ್ ಹಿಲ್‌ನಲ್ಲಿ ಮನೆ ಮಾಡಿದವರು. ನನ್ನ ಮನೆಯಿಂದ ಎರಡು ಓಣಿ ಕೆಳಗೆ. ಮೂವತ್ತು ವರ್ಷ ಅವರು ಮಾಡಿದ್ದು ಸರ್ವೆ ಕೆಲಸ. ಮೋಟಾರು ದೋಣಿಯಲ್ಲಿ ಹೋಗಿ ನೀರಿನ ತಳದಲ್ಲಿ ಎಷ್ಟು ಕೆಸರು ತುಂಬಿದೆ ಎಂದು ಅಳೆಯುವುದು. ಹಾಗೆ ಅಳೆಯುವಾಗ ದೋಣಿ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಲು ಅವರಿಗೆ ಸೆಕ್ಸ್ಟಂಟ್ ಬೇಕಾಗುತ್ತಿತ್ತು. ಅದೊಂದು ಕೋನ ಅಳೆಯುವ ಉಪಕರಣ. ಹಡಗಿನವರು ಅದನ್ನು ನೆಟ್ಟಗೆ ಹಿಡಿದು ಸೂರ್ಯನೋ ನಕ್ಷತ್ರವೋ ಸಮುದ್ರದ ಅಂಚಿನಿಂದ ಎಷ್ಟು ಮೇಲಿದೆ ಎಂದು ಅಳೆಯುತ್ತಾರೆ. ಕಾಕಾ ಅದನ್ನೇ ಅಡ್ಡ ಮಲಗಿಸಿ ಹಿಡಿದು, ದಡದ ಮೇಲಿನ ದೀಪಸ್ತಂಭಕ್ಕೂ ಯಾವುದೋ ಚಿಮಣಿಗೂ ನಡುವಿನ ಕೋನ ಅಳೆಯುತ್ತಿದ್ದರು. ಅವರು ಮೂವತ್ತು ವರ್ಷದಲ್ಲಿ ಕೆಲಸಕ್ಕೆಂದು ಒಂದು ನಕ್ಷತ್ರವನ್ನೂ ಅಳೆದಿಲ್ಲ. ಆದರೆ ಧಾರವಾಡದಿಂದ ನೆಂಟರು ಬಂದರೆ, ಅವರನ್ನು ಬೈನಾದ ಮರಳಿನ ಮೇಲೆ ನಿಲ್ಲಿಸಿಕೊಂಡು, ಆಕಾಶ ತೋರಿಸಿ ಭಾಷಣ ಮಾಡುತ್ತಿದ್ದರು. ನೆಂಟರೂ ಅಷ್ಟೇ. ಗೋವಾದ ಸಮುದ್ರವನ್ನು ತಮ್ಮ ರಜೆಗೆಂದು ಯಾರೋ ತುಂಬಿಸಿಟ್ಟಿದ್ದಾರೆ ಎಂಬಂತೆ ನೋಡುವ ಜನ, ಕಾಕಾ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಕೊನೆಗೆ ಗೋಡಂಬಿ ಎಲ್ಲಿ ಸೋವಿ ಎಂದು ಕೇಳುತ್ತಿದ್ದರು. ನಾನು ನಡುವೆ ಬಾಯಿ ಹಾಕಿ, ಕಾಕಾ ಹೇಳಿದ ನಕ್ಷತ್ರದ ಹೆಸರು ತಪ್ಪು ಎಂದು ತಿದ್ದುತ್ತಿದ್ದೆ. ಮನೆಯಲ್ಲಿ ಅವರ ಕೆಲಸಕ್ಕೆ 'ಕೆಸರು ಅಳೆಯೋದು' ಎಂದು ಹೆಸರಿಟ್ಟವಳೂ ನಾನೇ ಇರಬೇಕು. ಬೇರೆ ಯಾರಾದರೂ ಇಟ್ಟಿದ್ದರೂ ಹೆಚ್ಚು ಬಳಸಿದವಳು ನಾನು.

ಅವರು ನಿವೃತ್ತರಾಗಿ ಕೆಲವು ವರ್ಷಗಳಾಗಿದ್ದವು. ಹೆಂಡತಿ, ಅಂದರೆ ನನ್ನ ಕಾಕು, ಹೇಳಿದ ಸಾಮಾನು ತರುವುದು, ಗ್ಯಾಸಿನವನಿಗೆ ಕಾಯುವುದು, ಇಷ್ಟೇ ಕೆಲಸ. ಆಗ ಊರಿನ ಒಂದು ತರಬೇತಿ ಕೇಂದ್ರದವರು ಅವರನ್ನು ಕರೆದರು. ಬೇಕರಿಯ ಮೇಲಿನ ಎರಡು ಕೋಣೆ, ಲಂಗರಿನ ಚಿತ್ರವಿರುವ ಬೋರ್ಡು. ಹಡಗಿನ ಕೆಲಸಕ್ಕೆ ಹೋಗಬೇಕೆನ್ನುವವರಿಗೆ ಪರೀಕ್ಷೆಯ ಪಾಠ ಹೇಳುವ ಜಾಗ. ಅಲ್ಲಿ ಪ್ರತಿ ಶನಿವಾರ ಸೆಕ್ಸ್ಟಂಟ್ ಹಿಡಿಯುವುದನ್ನು ಕಲಿಸಬೇಕು. ಕೇಂದ್ರದ ಸೆಕ್ಸ್ಟಂಟಿನ ಕನ್ನಡಿ ಒಡೆದಿತ್ತು, ಹೊಸದು ತರುವ ಮನಸ್ಸು ಅವರಿಗಿರಲಿಲ್ಲ. ಕಾಕಾ ತಮ್ಮದನ್ನೇ ತರಬೇಕು, ಅದು ಸರಿಯಿದೆ ಎಂದು ಡಿಗ್ರಿ ಇರುವವರೊಬ್ಬರು ಬರೆದುಕೊಡಬೇಕು. ಕಾಕಾ ಡಿಪ್ಲೊಮಾದವರು. ಮನೆಯಲ್ಲಿ ಡಿಗ್ರಿ ಇದ್ದದ್ದು ನನ್ನದು.

ಆ ಕೆಲಸ ಅವರಿಗೆ ಎಷ್ಟು ಬೇಕಾಗಿತ್ತು ಎಂಬುದು ಯಾರಿಗೂ ತಿಳಿಯದೆ ಇರಲಿಲ್ಲ. ಎರಡು ಬಿಳಿ ಅಂಗಿ ಹೊಲಿಸಿದರು. ಹಳೆಯ ಟಿಪ್ಪಣಿಗಳನ್ನು ಹೊಸ ನೋಟುಪುಸ್ತಕಕ್ಕೆ ಇಳಿಸತೊಡಗಿದರು. ಕಾಕು ಬಂದವರ ಮುಂದೆಲ್ಲ ಹೇಳುತ್ತಿದ್ದರು: "ಮನ್ಯಾಗ ಸಕ್ರಿ ಡಬ್ಬಿ ಎಲ್ಲದ ಗೊತ್ತಿಲ್ಲ ಇವರಿಗೆ. ಚುಕ್ಕಿ ಎಲ್ಲದ ಅಂತ ಹುಡುಗರಿಗೆ ತೋರಸ್ತಾರಂತ."

ಕಾಕಾ ನಗುತ್ತಿದ್ದರು. "ಚುಕ್ಕಿ ದಿನಾ ಇದ್ದಲ್ಲೇ ಇರ್ತದ. ನಿನ್ನ ಡಬ್ಬಿ ಹಂಗ ಅಲ್ಲಲಾ."

ಕೆಲಸದಲ್ಲಿ ಬಳಸಿದ್ದು ಕಚೇರಿಯದಾಗಿತ್ತು, ಆದ್ದರಿಂದ ಸೆಕ್ಸ್ಟಂಟ್ ಕೊಂಡದ್ದು ಬೈನಾ ರಸ್ತೆಯ ಆಚೆಗಿನ ಒಂದು ಭಂಗಾರ, ಅಂದರೆ ಗುಜರಿ ಅಂಗಡಿಯಲ್ಲಿ. ಒಡೆದ ಹಡಗುಗಳ ಸಾಮಾನು ಮಾರುವ ಅಂಗಡಿ. ಗಂಟೆ, ದಿಕ್ಸೂಚಿ, ಬಣ್ಣ ಹೋದ ಲೈಫ್ ಜಾಕೆಟ್ಟು, ಹಡಗಿನ ಅಡುಗೆಮನೆಯ ದಪ್ಪ ಪಿಂಗಾಣಿ ತಟ್ಟೆ. ಅದರ ಅರ್ಧದಷ್ಟು ಸಾಮಾನು ಯಾವ ಹಡಗನ್ನೂ ಕಾಣದ್ದು, ಹೋಟೆಲಿನ ಗೋಡೆಗೆಂದೇ ಮಾಡಿಸಿ ಆಮ್ಲದಲ್ಲಿ ಅದ್ದಿ ಹಳತು ಮಾಡಿದ್ದು. ಸಮುದ್ರಕ್ಕೆ ಬೆನ್ನು ಹಾಕಿ ಕುಳಿತು ಗೋಡೆಯ ಮೇಲಿನ ಹಿತ್ತಾಳೆಯ ಚುಕ್ಕಾಣಿ ನೋಡುತ್ತ ಬಿಯರ್ ಕುಡಿಯುವವರು ಇರುವವರೆಗೆ ಆ ವ್ಯಾಪಾರಕ್ಕೆ ಕುಂದಿಲ್ಲ. ಅಂಗಡಿಯವರು ವಿಜಯಪುರದ ಕಡೆಯ ಸಾಬರು, ನಲವತ್ತರ ಆಸುಪಾಸು.

"ಬರ್ರಿ ಸಾಹೇಬ್ರ, ಕುಂದರ್ರಿ. ಅಕ್ಕಾರ, ಆ ಝಂಡಾ ಸರಸಬ್ಯಾಡ್ರಿ, ಒಳಗ ಬೆಕ್ಕ ಮಲಗೈತಿ."

ಕಾಕಾ ಪೆಟ್ಟಿಗೆ ತೆರೆದು ಕೇಳಿದರು, "ಯಾವ ಜಹಾಜಿಂದಪಾ ಇದು?"

"ಒಡದ ಜಹಾಜಿನ ಹೆಸರ ಯಾರ ಕೇಳ್ತಾರ್ರಿ? ಇದನ್ನ ಒಯ್ಯಾವ್ರೆಲ್ಲಾ ಗ್ವಾಡಿಗೆ ತೂಗಹಾಕಾಕ ಒಯ್ತಾರ. ಇದರಾಗ ನೋಡಾಕ ಅಂತ ಬಂದಾವ್ರು ನೀವ ಮದಲ್ನೇವ್ರು."

"ಇದು ಬರೋಬ್ಬರಿ ತೋರಸ್ತದ ಅಂತ ಏನ್ ಗ್ಯಾರಂಟಿ?" ಎಂದೆ ನಾನು.

"ಗ್ಯಾರಂಟಿ ಬೇಕಂದ್ರ ಮಿಕ್ಸರ್ ತೊಗೋರಿ ಅಕ್ಕಾರ."

ಕಾಕಾ ಜೋರಾಗಿ ನಕ್ಕರು. ನನಗೆ ನಗು ಬರಲಿಲ್ಲ. ಅವರು ಉಪಕರಣವನ್ನು ಕೈಗೆ ತೆಗೆದುಕೊಂಡ ರೀತಿ ಮಾತ್ರ ಇನ್ನೂ ಕಣ್ಣ ಮುಂದಿದೆ. ಮೊದಲು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದರು, ಏನಾದರೂ ಸಡಿಲವಾಗಿದ್ದರೆ ಸದ್ದು ಬರಲಿ ಎಂದು. ಕನ್ನಡಿಗಳ ಬೆನ್ನಿನ ಪಾದರಸ ಎದ್ದಿದೆಯೇ ಎಂದು ಬೆಳಕಿಗೆ ಹಿಡಿದರು. ಕೆಳಗಿನ ಕಮಾನಿನ ಮೇಲೆ ಡಿಗ್ರಿಗಳ ಗುರುತಿದೆ. ಅದರ ಅಂಚನ್ನೂ ಕನ್ನಡಿಯೊಳಗೆ ಕಾಣುವ ಅದರ ಬಿಂಬವನ್ನೂ ಒಟ್ಟಿಗೆ ನೋಡಿ ಎರಡೂ ಮುರಿಯದೆ ಒಂದೇ ಗೆರೆಯಾಗಿ ಸಾಗುತ್ತವೆಯೇ ಎಂದು ಪರೀಕ್ಷಿಸಿದರು. ಇದನ್ನೆಲ್ಲ ನಾನು ಅಂದು ನಾಟಕ ಎಂದುಕೊಂಡೆ. ಕೆಸರು ಅಳೆದ ಮನುಷ್ಯ ಕಪ್ತಾನನ ವೇಷ ಹಾಕಿದ್ದಾನೆ ಎಂದು ದಿನಚರಿಯಲ್ಲಿ ಬರೆದೂ ಇದ್ದೇನೆ. ಆ ಪುಟ ಇದೆ. ಅದರ ವಿಷಯದಲ್ಲಿ ನೆನಪಿನ ತೊಂದರೆ ಇಲ್ಲ.

ಮರುದಿನ ಬೆಳಿಗ್ಗೆ ಕಾಕಾ ಸ್ಕೂಟರಿನಲ್ಲಿ ಒಬ್ಬರೇ ಬೋಗ್ಮಾಳೊದ ಸಮುದ್ರದಂಡೆಗೆ ಹೋಗಿ ಬಂದರು. ಸೆಕ್ಸ್ಟಂಟಿಗೆ ಮಾಡಬೇಕಾದ ಮುಖ್ಯ ಪರೀಕ್ಷೆ ಬಹಳ ಸರಳ. ಅದರ ಚಲಿಸುವ ತೋಳನ್ನು ಸೊನ್ನೆಗೆ ತಂದಿಟ್ಟು ದೂರದರ್ಶಕದೊಳಗಿಂದ ಸಮುದ್ರದ ಅಂಚನ್ನು ನೋಡಬೇಕು. ಅರ್ಧ ಭಾಗದಲ್ಲಿ ಅಂಚು ನೇರವಾಗಿ ಕಾಣುತ್ತದೆ, ಇನ್ನರ್ಧದಲ್ಲಿ ಎರಡು ಕನ್ನಡಿಗಳಿಂದ ಮರಳಿ ಬಂದದ್ದು ಕಾಣುತ್ತದೆ. ಎರಡೂ ಕೂಡಿ ಒಂದೇ ಗೆರೆಯಾದರೆ ಉಪಕರಣ ಸರಿ. ಮೆಟ್ಟಿಲಿನಂತೆ ಮುರಿದು ಕಂಡರೆ, ಕೂಡುವವರೆಗೆ ತಿರುಪನ್ನು ತಿರುಗಿಸಿ ಎಷ್ಟು ತಿರುಗಿಸಬೇಕಾಯಿತು ಎಂದು ಓದಿಕೊಳ್ಳಬೇಕು. ಅದು ಅದರ ಶೂನ್ಯ ದೋಷ. ದೋಷವಿದ್ದರೆ ಉಪಕರಣ ಕೆಟ್ಟಿತು ಎಂದೇನೂ ಅಲ್ಲ. ಗಡಿಯಾರ ಯಾವಾಗಲೂ ಐದು ನಿಮಿಷ ಮುಂದಿದ್ದರೆ ಐದು ಕಳೆದುಕೊಂಡು ಬಾಳಬಹುದು. ಈಗ ಮೂರು, ಇನ್ನೊಂದು ಸಲ ಎಂಟು ಎಂದರೆ ಮಾತ್ರ ಅದನ್ನು ಎಸೆಯಬೇಕು. ಡಿಗ್ರಿಯ ಅರವತ್ತನೆಯ ಒಂದು ಪಾಲಿಗೂ ಮಿನಿಟು ಎನ್ನುತ್ತಾರೆ. ಒಂದು ಮಿನಿಟು ತಪ್ಪಿದರೆ ಸಮುದ್ರದಲ್ಲಿ ಒಂದು ನಾವಿಕ ಮೈಲು ತಪ್ಪಿದಂತೆ.

ಕಾಕಾ ಚಪ್ಪಲಿಯ ಮರಳು ಕೊಡವುತ್ತ ನಮ್ಮ ಬಾಗಿಲಲ್ಲಿ ನಿಂತರು.

"ಅರ್ಧ ಮಿನಿಟು. ಅಷ್ಟ. ಹತ್ತ ಸಲ ನೋಡಿದೆ, ಹತ್ತೂ ಸಲ ಅಷ್ಟ ಬಂತು."

"ಹತ್ತೂ ಸಲ ಒಂದ ಬಂತಂದ್ರ ನಾವು ಪ್ರಾಕ್ಟಿಕಲ್‌ನಾಗ ಹುಡುಗರ ಮಾರ್ಕ್ಸ್ ಕಟ್ ಮಾಡ್ತೀವಿ ಕಾಕಾ. ಮನ್ಯಾಗ ಕೂತು ಬರದಾರ ಅಂತ."

"ಹಂಗಾರ ನೀನ ನೋಡಿ ಬರಕೊಡು," ಎಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಹೋದರು.

ಭಾನುವಾರ ನಾನು ಅದನ್ನು ಟೆರೇಸಿಗೆ ಒಯ್ದೆ. ಸಮುದ್ರದ ದಂಡೆಗೇಕೆ ಹೋಗಲಿಲ್ಲ ಎಂದು ಈಗ ಕಾರಣ ಹುಡುಕಿದರೆ ಮೂರು ಸಿಗುತ್ತವೆ: ಬಿಸಿಲು, ಭಾನುವಾರದ ಜನ, ಸ್ಕೂಟರಿಗೆ ಪೆಟ್ರೋಲು ಇರಲಿಲ್ಲ. ಮೂರೂ ಆಮೇಲೆ ಹುಟ್ಟಿದ ಕಾರಣಗಳೆಂಬ ಅನುಮಾನವಿದೆ. ಕೆಸರು ಅಳೆಯುವವರು ಅಷ್ಟು ದೂರ ಹೋಗಬೇಕಾದೀತು, ಎಂ.ಎಸ್ಸಿ. ಓದಿದವಳು ನಿಂತಲ್ಲಿಂದಲೇ ಕಂಡುಹಿಡಿಯುತ್ತಾಳೆ ಎಂಬುದು ನಿಜವಾದ ಕಾರಣವಿರಬೇಕು.

ಎದುರಿನ ಕಟ್ಟಡದ ಮೇಲೆ ಸಿಮೆಂಟಿನ ನೀರಿನ ಟಾಕಿ ಇತ್ತು, ಈಗಲೂ ಇದೆ. ಸುಣ್ಣ ಬಳಿದ ಅದರ ಮೇಲಂಚು ಆಕಾಶಕ್ಕೆ ಎದುರಾಗಿ ಕತ್ತರಿಸಿಟ್ಟಷ್ಟು ನೆಟ್ಟಗೆ ಕಾಣುತ್ತದೆ. ಬೇಸಿಗೆಯ ಮಬ್ಬಿನಲ್ಲಿ ಸಮುದ್ರದ ಅಂಚು ಕೂಡ ಅಷ್ಟು ಸ್ಪಷ್ಟವಾಗಿರುವುದಿಲ್ಲ. ಅದನ್ನೇ ನೋಡಿದೆ. ಗೆರೆ ಮುರಿದು ಕಂಡಿತು. ತಿರುಪು ತಿರುಗಿಸಿ ಕೂಡಿಸಿದೆ. ಎಂಟು ಮಿನಿಟು. ಖಾತ್ರಿಗೆಂದು ಅದರ ಹಿಂದಿನ ಇನ್ನೊಂದು ಕಟ್ಟಡದ ಕೈಪಿಡಿ ಗೋಡೆ ನೋಡಿದೆ: ಮೂರು. ಇಳಿಜಾರಿನ ಕೆಳಗಿನ ಶೆಡ್ಡಿನ ತಗಡಿನ ಅಂಚು: ಒಂದೂಕಾಲು. ಟೆರೇಸಿನ ಇನ್ನೊಂದು ಮೂಲೆಗೆ ಹೋಗಿ ಮತ್ತೆ ಟಾಕಿ ನೋಡಿದರೆ ಆರು.

ನನಗೆ ಖುಷಿಯಾಯಿತು. ಇದನ್ನು ಮರೆಮಾಚುವುದಿಲ್ಲ. ಉಪಕರಣದ ಕನ್ನಡಿ ಸಡಿಲಾಗಿದೆ, ಪ್ರತಿ ಸಲ ಬೇರೆ ಲೆಕ್ಕ ಕೊಡುತ್ತಿದೆ, ಕಾಕಾನ ಹತ್ತೂ ಸಲದ ಅರ್ಧ ಮಿನಿಟು ಬರೀ ಬಾಯಿಮಾತು. ಕೆಳಗಿಳಿದು ಬಂದು ಬಿಳಿ ಹಾಳೆಯ ಮೇಲೆ ಚಂದದ ಇಂಗ್ಲಿಷಿನಲ್ಲಿ ಬರೆದೆ: ಈ ಉಪಕರಣದ ಶೂನ್ಯ ದೋಷ ಸ್ಥಿರವಾಗಿಲ್ಲ, ಒಂದರಿಂದ ಎಂಟು ಮಿನಿಟಿನವರೆಗೆ ಬದಲಾಗುತ್ತದೆ, ಬೋಧನೆಗೂ ಬಳಕೆಗೂ ಯೋಗ್ಯವಲ್ಲ. ಕೆಳಗೆ ಸಹಿ, ಸಹಿಯ ಕೆಳಗೆ ಡಿಗ್ರಿ, ಡಿಗ್ರಿಯ ಕೆಳಗೆ ಹುದ್ದೆ. ಯಾರೂ ಕೇಳದಿದ್ದರೂ ಹುದ್ದೆ ಬರೆದೆ.

ಹಾಳೆಯನ್ನು ಕೊಡಲು ಹೋದಾಗ ಕಾಕು ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದರು. ಕಾಕಾ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಎಂಟಾ?"

"ಎಂಟು. ಒಮ್ಮೊಮ್ಮೆ ಮೂರು, ಒಮ್ಮೊಮ್ಮೆ ಒಂದು. ಹಿಡತಾನ ಇಲ್ಲ ಅದಕ್ಕ."

ಒಳಗಿನಿಂದ ಕಾಕು, "ಛಲೋ ಆತು ಬಿಡ್ರಿ, ಶನಿವಾರ ಕಾಯಿಪಲ್ಲೆ ತರ್ಲಿಕ್ಕೆ ಮನಶ್ಯಾ ಸಿಕ್ಕರು," ಎಂದರು.

ಇದರ ನಂತರದ್ದೇ ನನಗೆ ಬೇಕಾಗಿರುವುದು, ಅದೇ ನನ್ನ ಬಳಿ ಇಲ್ಲ. ಒಂದು ನೆನಪಿನಲ್ಲಿ ಕಾಕಾ ಕನ್ನಡಕ ತೆಗೆದು, "ಎದರ ಮ್ಯಾಲೆ ನೋಡಿದಿ?" ಎಂದು ಕೇಳುತ್ತಾರೆ, ನಾನು ಅವಲಕ್ಕಿಯ ತಟ್ಟೆ ಹಿಡಿದು, ಅವರ ಕಡೆ ನೋಡದೆ, "ಸಮುದ್ರದ ಅಂಚಿನ ಮ್ಯಾಲೆ, ಮತ್ತ್ಯಾದರ ಮ್ಯಾಲೆ ನೋಡ್ತಾರ?" ಎನ್ನುತ್ತೇನೆ. ಇನ್ನೊಂದರಲ್ಲಿ ಅವರು ಏನೂ ಕೇಳುವುದಿಲ್ಲ. ಹಾಳೆ ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಳ್ಳುತ್ತಾರೆ, ನಾನು ಅವಲಕ್ಕಿ ತಿನ್ನುತ್ತೇನೆ, ಉಪ್ಪು ಸ್ವಲ್ಪ ಹೆಚ್ಚಾಗಿದೆ. ಎರಡರಲ್ಲೂ ತಟ್ಟೆ ಒಂದೇ, ಸ್ಟೀಲಿನದು. ಹಸಿರು ಬಟ್ಟೆ ಎಷ್ಟು ಸ್ಪಷ್ಟವಾಗಿತ್ತೋ ಎರಡೂ ಅಷ್ಟೇ ಸ್ಪಷ್ಟವಾಗಿವೆ.

ಆ ಹಾಳೆಯನ್ನು ಅವರು ಹರಿದು ಒಗೆಯಬಹುದಿತ್ತು. ಬೇರೆ ಯಾರಿಂದಲಾದರೂ ಇನ್ನೊಂದು ಬರೆಸಬಹುದಿತ್ತು. ವಾಸ್ಕೊದಲ್ಲಿ ಡಿಗ್ರಿ ಇದ್ದವರಿಗೇನು ಬರವಿಲ್ಲ. ಅವರು ಸೋಮವಾರ ಬಿಳಿ ಅಂಗಿ ಹಾಕಿಕೊಂಡು ತಾವೇ ಅದನ್ನು ಒಯ್ದು ಕೇಂದ್ರಕ್ಕೆ ಕೊಟ್ಟರು. "ನೀನೂ ಬಾ, ಏನರೆ ಕೇಳಿದ್ರ ಹೇಳ್ಲಿಕ್ಕೆ ಬರ್ತದ," ಎಂದದ್ದಕ್ಕೆ ನಾನೂ ಹೋದೆ.

ಕೇಂದ್ರದ ಮುಖ್ಯಸ್ಥರು ಕಾರವಾರದವರು. ಏನೂ ಕೇಳಲಿಲ್ಲ. ಹಾಳೆಯ ಕೊನೆಯ ಸಾಲನ್ನೂ ನನ್ನ ಹುದ್ದೆಯನ್ನೂ ಓದಿ ಫೈಲಿಗೆ ಸೇರಿಸಿದರು. ಅವರ ಮುಖದಲ್ಲಿ ಕಂಡದ್ದು ನಿರಾಳತೆ.

"ಮೇಡಂ ಬರೆದಿದ್ದಾರೆ ಅಂದ್ರೆ ಮುಗೀತಲ್ಲ. ನಾನೂ ಅದೇ ಹೇಳೋದು, ಈಗ ಎಲ್ಲ ಫೋನಿನಲ್ಲೇ ಉಂಟು ಸರ್. ಹುಡುಗರಿಗೆ ಆ್ಯಪ್ ತೋರಿಸಿದ್ರೆ ಸಾಕು."

"ಪರೀಕ್ಷಾದಾಗ ಕೈಯಾಗ ಕೊಟ್ಟು ಕೇಳ್ತಾರಲ್ರಿ," ಎಂದರು ಕಾಕಾ.

"ಕೇಳಿದ್ರೆ ಪುಸ್ತಕದಲ್ಲಿ ಉಂಟಲ್ಲ ಸರ್."

ಹಿಂದಿನ ಕೋಣೆಯಲ್ಲಿ ಹಗಲು ಹನ್ನೊಂದಕ್ಕೆ ಪರದೆ ಎಳೆದು ಕತ್ತಲೆ ಮಾಡಿ, ಗೋಡೆಯ ಮೇಲೆ ನಕ್ಷತ್ರಗಳ ಚಿತ್ರ ಬಿಟ್ಟಿದ್ದರು. ಒಬ್ಬ ಹುಡುಗ ಆಕಳಿಸುತ್ತಿದ್ದ. ಕೆಳಗಿನ ಬೇಕರಿಯಿಂದ ಪಾವಿನ ವಾಸನೆ ಬರುತ್ತಿತ್ತು. ಸಮುದ್ರ ಅಲ್ಲಿಂದ ನಡೆದು ಹೋಗುವಷ್ಟು ದೂರ. ಇಂಥ ಜಾಗದಲ್ಲಿ ಕಾಕಾ ಕಲಿಸದೆ ಇದ್ದದ್ದೇ ಮೇಲಾಯಿತು ಎಂದು ಮೆಟ್ಟಿಲಿಳಿಯುವಾಗ ಅಂದುಕೊಂಡೆ. ನಾನು ಮಾಡಿದ್ದಕ್ಕೆ ನಾನೇ ಕೊಟ್ಟುಕೊಂಡ ಸಮಾಧಾನ ಅದು, ಅಗ್ಗದ್ದು.

ಆ ಮೇಲೆ ಆದದ್ದನ್ನು ಒಂದೊಂದಾಗಿ ನೋಡಿದರೆ ಏನೂ ಅನ್ನಿಸುವುದಿಲ್ಲ. ಅದೇ ವಾರ ಕಾಕಾ ಕಣ್ಣಿನ ಡಾಕ್ಟರ ಬಳಿ ಹೋಗಿ ಬಂದರು. ವಯಸ್ಸಿಗೆ ತಕ್ಕಂತಿವೆ, ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದರಂತೆ. ಒಂದು ತಿಂಗಳು ಬಿಟ್ಟು ಇನ್ನೊಬ್ಬರ ಬಳಿ ಹೋದರು, ಅವರೂ ಅದನ್ನೇ ಹೇಳಿದರು. ಸಂಜೆಯ ಮೇಲೆ ಸ್ಕೂಟರ್ ಹೊಡೆಯುವುದು ಬಿಟ್ಟರು. ಗುಳಿಗೆಯ ಹಾಳೆಯ ಮೇಲಿನ ತಾರೀಖನ್ನು ನನ್ನ ಮುಂದೆ ಹಿಡಿದು, "ಇದೇನದ ನೋಡು, ನನಗ ಖಾತ್ರಿ ಇಲ್ಲ," ಎನ್ನತೊಡಗಿದರು. ನೆಂಟರು ಬಂದರೆ ಬೈನಾಕ್ಕೆ ಕರೆದುಕೊಂಡು ಹೋಗುವುದು ನಿಂತಿತು. ಬಿಳಿ ಅಂಗಿಗಳನ್ನು ಬ್ಯಾಂಕಿಗೆ ಹೋಗುವಾಗ ಹಾಕಿಕೊಂಡರು. ಸೆಕ್ಸ್ಟಂಟನ್ನು ನನಗೇ ತಂದುಕೊಟ್ಟರು, ಕಾಲೇಜಿನಲ್ಲಿ ತೋರಿಸಲಿಕ್ಕಾದರೂ ಬಂದೀತು ಎಂದು. 'ಕೊನೆಗೂ ಕಾಕಾ ವಯಸ್ಸನ್ನು ಒಪ್ಪಿಕೊಂಡರು' ಎಂದು ನಾನು ದಿನಚರಿಯಲ್ಲಿ ಬರೆದೆ. ಆ ವಾಕ್ಯದ ಕೆಳಗೆ ಗೆರೆ ಕೂಡ ಎಳೆದಿದ್ದೇನೆ. ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿರಬೇಕು.

ನಾಲ್ಕು ವರ್ಷ ಪೆಟ್ಟಿಗೆ ಕಪಾಟಿನ ಮೇಲಿತ್ತು. ಕಳೆದ ಡಿಸೆಂಬರಿನಲ್ಲಿ ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಹಳೆಯ ಉಪಕರಣ ಬೇಕಾಯಿತು. ಇದು ಕೆಟ್ಟದ್ದೇ ಇರಲಿ, ಕೆಟ್ಟಿದ್ದು ಹೇಗೆ ಎಂದು ತೋರಿಸೋಣ ಎಂದು ಒಂದು ಬೆಳಿಗ್ಗೆ ಬೋಗ್ಮಾಳೊಗೆ ಒಯ್ದೆ. ಒಂದು ಕಡೆ ಯೋಗ ಮಾಡುವವರು, ಇನ್ನೊಂದು ಕಡೆ ತಿನ್ನುವ ಮೊದಲು ತಿಂಡಿಯ ಫೋಟೊ ಹೊಡೆಯುವವರು. ಅವರ ನಡುವೆ ಮರಳಿನ ಮೇಲೆ ನಿಂತು ಸಮುದ್ರದ ಅಂಚು ನೋಡಿದೆ. ಗಾಳಿ ತಿಳಿಯಾಗಿತ್ತು. ಗೆರೆ ಬಹುತೇಕ ಕೂಡಿಯೇ ಇತ್ತು. ಅರ್ಧ ಮಿನಿಟು. ತಿರುಪು ಕೆಡಿಸಿ ಮತ್ತೆ ನೋಡಿದೆ, ಅರ್ಧ ಮಿನಿಟು. ಎಷ್ಟು ಸಲ ನೋಡಿದರೂ ಅಷ್ಟೇ. ಕಪಾಟಿನ ಮೇಲೆ ಮಲಗಿ ಉಪಕರಣ ತಾನಾಗಿಯೇ ರಿಪೇರಿಯಾಯಿತೇ ಎಂದು ಒಂದು ಕ್ಷಣ ಯೋಚಿಸಿದೆ, ಎಂ.ಎಸ್ಸಿ. ಎಂಬುದು ಅಂಥ ಯೋಚನೆಗೆ ಅಡ್ಡಿ ಬರುವುದಿಲ್ಲ. ಆಮೇಲೆ, ಹತ್ತಿರದಲ್ಲಿದ್ದ ಜೀವರಕ್ಷಕರ ಅಟ್ಟಣಿಗೆಯ ಕಟ್ಟಿಗೆಯ ಕಡೆ ತಿರುಗಿಸಿದೆ. ಏಳು ಮಿನಿಟು.

ಮರಳಿನ ಮೇಲೆ ಕೂತುಬಿಟ್ಟೆ.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ, ಬೆರಳು ಅತ್ತಿತ್ತ ಜಿಗಿಯುತ್ತದೆ. ದೂರದ ಗುಡ್ಡ ಜಿಗಿಯುವುದಿಲ್ಲ. ಎರಡು ಕಣ್ಣು ಎರಡು ಜಾಗದಲ್ಲಿರುವುದರಿಂದ ಹತ್ತಿರದ ವಸ್ತು ಎರಡು ಕಡೆ ಕಾಣುತ್ತದೆ. ಸೆಕ್ಸ್ಟಂಟಿನ ಎರಡು ಕನ್ನಡಿಗಳ ನಡುವೆಯೂ ನಾಲ್ಕು ಬೆರಳಿನಷ್ಟು ಅಂತರವಿದೆ. ಸಮುದ್ರದ ಅಂಚಿಗೆ ಆ ನಾಲ್ಕು ಬೆರಳು ಲೆಕ್ಕಕ್ಕಿಲ್ಲ. ಓಣಿಯಾಚೆಯ ಟಾಕಿಗೆ ಅದು ಎಂಟು ಮಿನಿಟಿನಷ್ಟು. ಇನ್ನೂ ಆಚೆಯ ಗೋಡೆಗೆ ಮೂರು, ಇಳಿಜಾರಿನ ಶೆಡ್ಡಿಗೆ ಒಂದೂಕಾಲು. ಉಪಕರಣ ಸುಳ್ಳು ಹೇಳಿರಲಿಲ್ಲ. ಟಾಕಿ ಎಷ್ಟು ಹತ್ತಿರವಿದೆ ಎಂದು ಅದು ನನಗೆ ಚೊಕ್ಕವಾಗಿ ಹೇಳುತ್ತಿತ್ತು. ಈ ಹೆಬ್ಬೆರಳಿನ ಪಾಠವನ್ನು ನಾನು ಪ್ರತಿ ಜೂನ್‌ನಲ್ಲಿ ಮಾಡುತ್ತೇನೆ, ಮೊದಲ ವಾರದಲ್ಲೇ. ಅರವತ್ತು ಮಕ್ಕಳು ಒಟ್ಟಿಗೆ ಒಂದು ಕಣ್ಣು ಮುಚ್ಚಿ ಕೂರುತ್ತಾರೆ.

ಮನೆಗೆ ಬಂದು ದಿನಚರಿ ತೆಗೆದೆ. ಆ ಭಾನುವಾರದ ಪುಟದಲ್ಲಿ ಹೀಗಿದೆ: 'ಟೆರೇಸಿನಿಂದ ದಿಗಂತದ ಮೇಲೆ ಪರೀಕ್ಷಿಸಿದೆ. ದೋಷ ಅಸ್ಥಿರ.' ಟಾಕಿಯ ಮಾತೇ ಇಲ್ಲ. ಒಂದು ಗಂಟೆಯಷ್ಟು ಹೊತ್ತು ನನಗೆ ಜೀವ ಬಂದಂತಾಯಿತು. ದಿನಚರಿಯೇ ಸರಿ, ಟಾಕಿ ನನ್ನ ನೆನಪಿನ ಸೃಷ್ಟಿ ಇರಬೇಕು ಎಂದುಕೊಂಡೆ, ಮುಂದೆ ನೀಲಿಗೆ ಹಸಿರು ಬಳಿದದ್ದೂ ಇದೇ ನೆನಪು ತಾನೇ. ಆದರೆ ಹಿಂದಿನ ವರ್ಷದ ಪುಸ್ತಕವನ್ನೂ ತಿರುವಿದೆ. ಅಲ್ಲಿ, ಆ ಭಾನುವಾರಕ್ಕಿಂತ ಹತ್ತು ತಿಂಗಳ ಹಿಂದಿನ ಒಂದು ದಿನ, ನನ್ನದೇ ಕೈಬರಹ: 'ಎದುರಿನವರು ನಾಲ್ಕನೇ ಸ್ಲ್ಯಾಬ್ ಹಾಕಿದರು. ಇನ್ನು ಟೆರೇಸಿನಿಂದ ಸಮುದ್ರ ಇಲ್ಲ.'

ಅಂದರೆ ನಾನು ದಿಗಂತ ನೋಡಿರುವುದು ಸಾಧ್ಯವೇ ಇಲ್ಲ. ನಾನು ದಿನಚರಿಗೆ ಸುಳ್ಳು ಹೇಳಿದ್ದೇನೆ. ಯಾಕೆ ಎಂಬುದಕ್ಕೆ ಎರಡು ದಾರಿಗಳಿವೆ. ಒಂದು, ಮಟ್ಟವಾಗಿ ಕಂಡದ್ದಕ್ಕೆಲ್ಲ ದಿಗಂತ ಎನ್ನುವ ಅಸಡ್ಡೆ. ಇನ್ನೊಂದು, ಆ ಪುಟ ಬರೆದದ್ದು ರಾತ್ರಿ, ಕಾಕಾನ ಮನೆಯಿಂದ ಬಂದ ಮೇಲೆ. ಅವರಿಗೆ ಹೇಳಿದ ಸುಳ್ಳಿಗೆ ಸರಿಹೊಂದುವಂತೆ ಬರೆದಿರಬಹುದು. ನಾನು ನನ್ನನ್ನು ಬಲ್ಲೆ. ನನಗೆ ನಾನೇ ಸುಮ್ಮಸುಮ್ಮನೆ ಸುಳ್ಳು ಬರೆದುಕೊಳ್ಳುವವಳಲ್ಲ. ಬೇರೆಯವರಿಗೆ ಹೇಳಿದ್ದರೆ ಮಾತ್ರ ಬರೆದೇನು.

ಇದು ಈಗ ಯಾಕೆ ಮುಖ್ಯ ಎಂದರೆ, ಕಾಕಾ ಮೂವತ್ತು ವರ್ಷ ಹತ್ತಿರದ ಗುರುತುಗಳ ನಡುವೆ ಕೋನ ಅಳೆದವರು. ಹತ್ತಿರದ ವಸ್ತುವಿನ ಮೇಲೆ ಸೆಕ್ಸ್ಟಂಟ್ ಪರೀಕ್ಷಿಸಬಾರದು ಎಂಬುದು ಅವರಿಗೆ ಅನ್ನಕ್ಕೆ ಉಪ್ಪು ಎಷ್ಟು ಎಂಬಷ್ಟು ಗೊತ್ತಿರುವ ಮಾತು. ನಾನು ಟಾಕಿ ಎಂದು ಹೇಳಿದ್ದರೆ ಅಲ್ಲಿಯೇ ನಕ್ಕು ತಿದ್ದುತ್ತಿದ್ದರು. ಅವರು ಕೇಳದೆಯೇ ಇದ್ದಿದ್ದರೆ, ಎಂಟು, ಮೂರು, ಒಂದು ಎಂಬ ಅಂಕಿಗಳನ್ನು ನೋಡಿಯೇ ನಾನು ಏನು ಮಾಡಿದ್ದೇನೆಂದು ಊಹಿಸಿರಬಹುದು. ಅಣ್ಣನ ಮಗಳ ಡಿಗ್ರಿಯ ಮಾನ ಉಳಿಸಲು ಆ ಹಾಳೆಯನ್ನು ತಾವೇ ಒಯ್ದು ಕೊಟ್ಟಿರಬಹುದು. ಅವರು ಕೇಳಿ, ನಾನು ಸಮುದ್ರದ ಅಂಚು ಎಂದಿದ್ದರೆ ಮಾತ್ರ ಅವರಿಗೆ ಉಳಿದದ್ದು ಒಂದೇ ಲೆಕ್ಕ: ಇಬ್ಬರೂ ನೋಡಿದ್ದು ಒಂದೇ ಗೆರೆ, ಓದಿದವಳು ಎಂಟು ಕಂಡಳು, ತಾನು ಅರ್ಧ ಕಂಡೆ, ಅಂದರೆ ಕೆಟ್ಟದ್ದು ತನ್ನ ಕಣ್ಣು. ಎರಡು ಡಾಕ್ಟರು, ಸಂಜೆಯ ಸ್ಕೂಟರು, ಗುಳಿಗೆಯ ತಾರೀಖು, ಎಲ್ಲವೂ ಅದರಿಂದ ಬಂದಿರಬೇಕಾಗುತ್ತದೆ.

ತಿಂಗಳ ಹಿಂದೆ ಒಂದು ಭಾನುವಾರ ಅವರು ಎಂದಿನಂತೆ ತಾಂಬಡಿ ಭಾಜಿಯ ಎರಡು ಕಟ್ಟು ಹಿಡಿದು ಬಂದರು. ಕೆಂಪು ಸೊಪ್ಪು, ನಾನು ಸೋಸುವುದು ಸರಿಯಿಲ್ಲವೆಂದು ತಾವೇ ನೆಲದ ಮೇಲೆ ಪೇಪರು ಹಾಸಿಕೊಂಡು ಕೂರುತ್ತಾರೆ. ನಾನೂ ಎದುರಿಗೆ ಕೂತು ಹೇಳಿದೆ.

"ಕಾಕಾ, ಆ ಸೆಕ್ಸ್ಟಂಟ್ ಬರೋಬ್ಬರಿ ಅದ. ಅರ್ಧ ಮಿನಿಟು. ನೀವು ಹೇಳಿದಷ್ಟ."

ಅವರು ಒಂದು ಬೇರು ಕಿತ್ತು ಬದಿಗಿಟ್ಟರು. "ಈಗ ನೋಡಿದೇನು?"

"ಬೋಗ್ಮಾಳೊಕ್ಕ ಹೋಗಿ ನೋಡಿದೆ. ಅವತ್ತ ನಾ ಟಾಕಿ ಮ್ಯಾಲೆ ನೋಡಿದ್ದೆ."

"ಯಾವ ಟಾಕಿ?"

"ಎದುರಿಂದು. ನೀರಿಂದು."

ಅವರು ಕತ್ತೆತ್ತಿ ಕಿಟಕಿಯ ಕಡೆ ನೋಡಿದರು. ಅಲ್ಲಿಂದ ಟಾಕಿ ಕಾಣುವುದಿಲ್ಲ, ಕಟ್ಟಡದ ಗೋಡೆ ಮಾತ್ರ ಕಾಣುತ್ತದೆ. "ಭಂಗಾರಕ್ಕ ಹಾಕಲಿಲ್ಲಲಾ, ಛಲೋ ಮಾಡಿದಿ," ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಆಗ ಕೇಳಿದೆ. ಅವರು ಸೋಸಿದ ಎಲೆಗಳನ್ನು ಬುಟ್ಟಿಗೆ ತುಂಬಿ, ಮೊಣಕಾಲಿಗೆ ಕೈ ಊರಿ ಎದ್ದು, ತೊಳೆಯಲು ಒಳಗೆ ಹೋದರು. ನಳದ ಸದ್ದು ಬಹಳ ಹೊತ್ತು ಬಂತು. ಅದಾದ ಮೇಲೆ ನಾಲ್ಕು ಭಾನುವಾರ ಬಂದು ಹೋಗಿದ್ದಾರೆ. ಮಳೆ, ಮೀನಿನವಳ ಜಗಳ, ಕಾಕುವಿನ ಮೊಣಕಾಲು ಎಲ್ಲ ಮಾತಾಡಿದ್ದೇವೆ. ನಾನು ಕೇಳಿದ್ದು ಅವರಿಗೆ ಕೇಳಿಸಿತ್ತು ಎಂಬುದು ಖಾತ್ರಿ. ಇನ್ನೊಮ್ಮೆ ಕೇಳುವ ಧೈರ್ಯ ನನಗಿಲ್ಲ. ಕೇಳಿದ ಮಾತನ್ನಾದರೂ ನೆನಪು ಬದಲಿಸದಿರಲಿ ಎಂದು ಅಂದೇ, ಅವರು ಮೆಟ್ಟಿಲಿಳಿಯುತ್ತಿದ್ದಂತೆ, ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟಿದ್ದೇನೆ:

"ಕಾಕಾ, ಅವತ್ತ ನೀವು 'ಎದರ ಮ್ಯಾಲೆ ನೋಡಿದಿ' ಅಂತ ನನ್ನ ಕೇಳಿದ್ರೇನು? ಕೇಳಿದ್ರ, ನಾ ಏನ ಅಂದೆ?"